ಮೊದಲನೇ ಸಲ ಗ್ರೂಪ್ ವಿಡಿಯೋ ಮೀಟಿಂಗ್, ಏನೇನು ತಯಾರಿ ಮಾಡ್ಕೋಬೇಕು? ಅನುಭವ ಇರೋರು ಹೇಳಿ

ಎಲ್ರಿಗೂ ನಮಸ್ಕಾರ. ಮುಂದಿನ ವಾರ ಒಂದು ಆನ್‌ಲೈನ್ ಮೀಟಿಂಗ್ ಇದೆ, ಸುಮಾರು 25 ಜನ ಇರ್ತಾರಂತೆ, ನಾನೂ ಐದು ನಿಮಿಷ ಮಾತಾಡ್ಬೇಕು, ಆಮೇಲೆ ಪ್ರಶ್ನೆ ಬೇರೆ ಕೇಳ್ತಾರೆ. ಮನೆಯವರ ಜೊತೆ ಫೋನಲ್ಲಿ ವಿಡಿಯೋ ಕಾಲ್ ಮಾಡಿದ್ದು ಬಿಟ್ರೆ ಇಂಥದ್ದಕ್ಕೆ ನಾನು ಪೂರ್ತಿ ಹೊಸಬಳು. ಲ್ಯಾಪ್‌ಟಾಪ್ ಇದೆ, ವೈಫೈ ಇದೆ, ಜೂಮ್ ಲಿಂಕ್ ಕಳಿಸಿದಾರೆ. ಮೊದಲೇ ಏನೇನು ನೋಡ್ಕೊಂಡಿರ್ಬೇಕು? ಈಗಿಂದ್ಲೇ ಎದೆ ಡವಡವ ಅಂತಿದೆ.

* * *

ಮೇಡಂ, ಮೊದ್ಲು ದನಿ, ಆಮೇಲೆ ಮುಖ. ನಾಲ್ಕು ವರ್ಷದಿಂದ ವಾರಕ್ಕೆ ಎರಡು ಮೂರು ಇಂಥ ಮೀಟಿಂಗ್ ನಡೆಸ್ತಿದೀನಿ, ಹೊಸಬರು ಬಂದೋರೆಲ್ಲ ಯಾವ ಬಟ್ಟೆ ಹಾಕ್ಲಿ, ಹಿಂದಿನ ಗೋಡೆ ಹೇಗೆ ಕಾಣುತ್ತೆ ಅಂತ ತಲೆ ಕೆಡಿಸ್ಕೊಂಡಿರ್ತಾರೆ, ಮೈಕ್ ಮಾತ್ರ ನೋಡಿರಲ್ಲ. ಚಿತ್ರ ಮಸುಕಾಗಿದ್ರೂ ನಿಂತು ನಿಂತು ಬಂದ್ರೂ ಜನ ಸುಧಾರಿಸ್ಕೊಂಡು ಕೇಳ್ತಾರೆ, ದನಿ ಕಡಿದು ಕಡಿದು ಬಂದ್ರೆ ಎರಡು ನಿಮಿಷಕ್ಕೆ ಎಲ್ರ ಗಮನ ಬೇರೆ ಕಡೆ ಹೋಗಿರುತ್ತೆ, ಪಾಪ ಮಾತಾಡ್ತಿರೋರಿಗೆ ಅದು ಗೊತ್ತೇ ಆಗಲ್ಲ.

ಜೂಮ್‌ನವರದ್ದೇ ಪರೀಕ್ಷೆಗೆ ಅಂತ ಒಂದು ಮೀಟಿಂಗ್ ಯಾವಾಗ್ಲೂ ಇರುತ್ತೆ, ಬ್ರೌಸರಲ್ಲಿ ಜೂಮ್ ಡಾಟ್ ಯುಎಸ್ ಸ್ಲ್ಯಾಶ್ ಟೆಸ್ಟ್ ಅಂತ ಟೈಪ್ ಮಾಡಿ ಹೋಗಿ. ಮೊದ್ಲು ಸ್ಪೀಕರಲ್ಲಿ ಒಂದು ರಿಂಗ್‌ಟೋನ್ ಕೇಳಿಸ್ತಾರೆ, ಆಮೇಲೆ ನೀವು ಏನಾದ್ರೂ ಮಾತಾಡಿ ನಿಲ್ಲಿಸಿದ್ರೆ ನಿಮ್ಮ ದನಿಯನ್ನೇ ನಿಮಗೆ ವಾಪಸ್ ಕೇಳಿಸುತ್ತೆ. "ಹಲೋ ಹಲೋ" ಅಂತ ಎರಡು ಸಲ ಅಂದು ಸುಮ್ಮನಾಗ್ಬೇಡಿ, ಆ ದಿನ ಹೇಳೋ ಮಾತಿನ ಮೊದಲ ಎರಡು ವಾಕ್ಯಾನೇ ಅದೇ ಗಟ್ಟಿ ದನಿಯಲ್ಲಿ ಹೇಳಿ ನೋಡಿ.

ನನಗೆ ಇದು ತಿಳಿದಿದ್ದು ಕೆಟ್ಟ ರೀತೀಲಿ. ಶುರುಶುರುವಲ್ಲಿ ಒಂದು ಮುಖ್ಯವಾದ ಮೀಟಿಂಗ್, ನೆಕ್‌ಬ್ಯಾಂಡ್ ಇಯರ್‌ಫೋನ್ ಆಫ್ ಮಾಡ್ದೆ ಬ್ಯಾಗಲ್ಲಿಟ್ಟಿದ್ದೆ, ಲ್ಯಾಪ್‌ಟಾಪ್ ತಾನಾಗೇ ಬ್ಲೂಟೂತಲ್ಲಿ ಅದಕ್ಕೆ ಕನೆಕ್ಟ್ ಆಗ್ಬಿಟ್ಟಿತ್ತು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಮಾತಾಡ್ತಿದೀನಿ, ದನಿ ಹೋಗ್ತಿರೋದು ಮಂಚದ ಕೆಳಗಿನ ಬ್ಯಾಗೊಳಗಿನ ಮೈಕಿಂದ. ಅವರಿಗೆ ಕೇಳ್ಸಿದ್ದು ಬಟ್ಟೆ ಉಜ್ಜಿದ ಸದ್ದು ಮತ್ತೆ ಬಾವಿಯೊಳಗಿಂದ ಬಂದಂಗೆ ನನ್ನ ದನಿ, ಅವರು ಚಾಟಲ್ಲಿ ಬರೀತಾನೇ ಇದಾರೆ, ನಾನು ಚಾಟ್ ತೆಗೆದೇ ಇರ್ಲಿಲ್ಲ. ಆವತ್ತಿಂದ ಸೇರಿದ ತಕ್ಷಣ ಮ್ಯೂಟ್ ಬಟನ್ ಪಕ್ಕದ ಸಣ್ಣ ಬಾಣ ಒತ್ತಿ ಯಾವ ಮೈಕ್, ಯಾವ ಸ್ಪೀಕರ್ ಆಯ್ಕೆ ಆಗಿದೆ ಅಂತ ನೋಡ್ದೆ ಬಾಯಿ ತೆಗೆಯಲ್ಲ. ನೀವೂ ಇದೊಂದು ಅಭ್ಯಾಸ ಮಾಡ್ಕೊಳಿ.

ವಯರ್ ಇರೋ ಸಾದಾ ಇಯರ್‌ಫೋನ್ ಇದ್ರೆ ಅದೇ ಸಾಕು. ಬ್ಲೂಟೂತ್ ಇಯರ್‌ಫೋನಲ್ಲಿ ಹಾಡು ಚೆನ್ನಾಗಿ ಕೇಳುತ್ತೆ ನಿಜ, ಆದ್ರೆ ಅದರ ಮೈಕನ್ನೂ ಬಳಸೋಕೆ ಶುರು ಮಾಡಿದ್ರೆ ಅದು ಸಾಮಾನ್ಯವಾಗಿ ಫೋನ್ ಕಾಲ್ ರೀತಿಗೆ ಬದಲಾಗುತ್ತೆ, ಆಗ ಎರಡೂ ಕಡೆ ದನಿ ಗುಣಮಟ್ಟ ಇಳಿಯುತ್ತೆ. ಚಾರ್ಜ್ ಮುಗಿಯೋ ಭಯ ಬೇರೆ. ಇನ್ನೊಂದು, ಒಂದೇ ರೂಮಲ್ಲಿ ಲ್ಯಾಪ್‌ಟಾಪಿಂದಲೂ ಫೋನಿಂದಲೂ ಸೇರ್ಕೋಬೇಡಿ, ಒಂದರ ಸ್ಪೀಕರಿಂದ ಬಂದಿದ್ದನ್ನ ಇನ್ನೊಂದರ ಮೈಕ್ ಹಿಡಿದು ಮತ್ತೆ ಕಳಿಸಿ ಕಿರ್ರ್ ಅಂತ ಎಲ್ರ ಕಿವಿ ಹರಿಯುತ್ತೆ.

ಎಲ್ಲಕ್ಕಿಂತ ಮುಖ್ಯ, ಗೊತ್ತಿರೋರು ಯಾರಾದ್ರೂ ಒಬ್ಬರನ್ನ ಕೂರಿಸ್ಕೊಂಡು ಒಂದು ರಿಹರ್ಸಲ್ ಮಾಡಿ. ಅದೇ ಲ್ಯಾಪ್‌ಟಾಪ್, ಅದೇ ಜಾಗ, ಅದೇ ಹೊತ್ತು. ಹೊತ್ತು ಯಾಕಂದ್ರೆ ಬೆಳಗ್ಗೆ ಹತ್ತಕ್ಕೆ ನಿಶ್ಶಬ್ದವಾಗಿರೋ ರೂಮು ಸಂಜೆ ಆರಕ್ಕೆ ಹಾಗೇ ಇರ್ಬೇಕು ಅಂತೇನಿಲ್ಲ, ಮನೆಯವರೆಲ್ಲ ನೆಟ್ ಬಳಸೋದೂ ಅದೇ ಟೈಮಲ್ಲಿ. ಜೂಮಲ್ಲಿ ಉಚಿತ ಖಾತೆಯಿಂದ ನೀವೇ ಒಂದು ಮೀಟಿಂಗ್ ಶುರು ಮಾಡಿ ಅವರನ್ನ ಕರೀಬಹುದು, ಒಂದು ಸಲಕ್ಕೆ 40 ನಿಮಿಷ ಸಿಗುತ್ತೆ, ರಿಹರ್ಸಲ್‌ಗೆ ಅದು ಧಾರಾಳ ಆಯ್ತು. ಸ್ನೇಹಿತರು ಕಿವಿಗೆ ಹಾಕ್ಕೊಂಡು ಕೇಳಿ, ಫ್ಯಾನ್ ಸದ್ದು ಬರ್ತಿದೆ, ದನಿ ದೂರ ಇದೆ ಅಂತ ಮುಚ್ಚಿಡ್ದೆ ಹೇಳೋರಾಗಿರ್ಬೇಕು ಅಷ್ಟೇ.

* * *

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕ್ಯಾಮೆರಾ ಬಗ್ಗೆ ಎರಡು ಮಾತು ಸೇರಿಸ್ತೀನಿ. ಕಿಟಕಿಗೆ ಬೆನ್ನು ಹಾಕಿ ಕೂರ್ಬೇಡಿ, ಮುಖ ಕಪ್ಪಗೆ ನೆರಳಿನ ಥರ ಕಾಣುತ್ತೆ, ಕಿಟಕಿ ನಿಮ್ಮ ಎದುರಿಗಿರ್ಲಿ, ರಾತ್ರಿ ಆದ್ರೆ ದೀಪ ಎದುರಿಗಿರ್ಲಿ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತನ್ನಿ, ಇಲ್ಲಾಂದ್ರೆ ಎಲ್ರೂ ನಿಮ್ಮ ಗದ್ದ ಮತ್ತೆ ಸೂರು ನೋಡ್ತಾ ಕೂರ್ಬೇಕು. ಕ್ಯಾಮೆರಾ ಗಾಜನ್ನ ಒಂದ್ಸಲ ಮೆತ್ತನೆ ಬಟ್ಟೇಲಿ ಒರೆಸಿ, ಬೆರಳಿನ ಜಿಡ್ಡು ಅಂಟಿರುತ್ತೆ.

ನೀವೇನಾದ್ರೂ ಸ್ಲೈಡ್ ತೋರಿಸೋದಿದ್ರೆ ಪೂರ್ತಿ ಸ್ಕ್ರೀನ್ ಶೇರ್ ಮಾಡ್ಬೇಡಿ, ಆ ಒಂದು ವಿಂಡೋ ಮಾತ್ರ ಆಯ್ಕೆ ಮಾಡಿ, ಪೂರ್ತಿ ಸ್ಕ್ರೀನ್ ಕೊಟ್ರೆ ನಿಮಗೆ ಬರೋ ಮೆಸೇಜ್ ಎಲ್ಲ ಎಲ್ರಿಗೂ ಕಾಣುತ್ತೆ. ವಿಡಿಯೋ ತೋರಿಸೋದಾದ್ರೆ ಶೇರ್ ಮಾಡೋ ಜಾಗದಲ್ಲೇ ಶೇರ್ ಸೌಂಡ್ ಅಂತ ಇರುತ್ತೆ, ಅದಕ್ಕೆ ಟಿಕ್ ಹಾಕ್ದೆ ಹೋದ್ರೆ ಚಿತ್ರ ಹೋಗುತ್ತೆ, ಸದ್ದು ಹೋಗಲ್ಲ. ನಿಮ್ಮದು ಮ್ಯಾಕ್ ಆದ್ರೆ ಇದನ್ನ ಹಿಂದಿನ ದಿನವೇ ಮಾಡಿ ನೋಡಿ, ಯಾಕಂದ್ರೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಸೆಟ್ಟಿಂಗ್ಸಲ್ಲಿ ಕೊಡ್ಬೇಕು, ಕೊಟ್ಟ ಮೇಲೆ ಆ್ಯಪ್ ಮುಚ್ಚಿ ಮತ್ತೆ ತೆಗೀಬೇಕಾಗುತ್ತೆ, ಮೀಟಿಂಗ್ ನಡುವೆ ಇದು ಬಂದ್ರೆ ನೀವೇ ಹೊರಗೆ ಹೋಗಿ ಮತ್ತೆ ಒಳಗೆ ಬರೋ ಪರಿಸ್ಥಿತಿ.

* * *

ಅಕ್ಕ, ನನ್ನ ಅನುಭವ ಸ್ವಲ್ಪ ಬೇರೆ. ನನಗೆ ಒಂದು ಕಿವಿ ಅಷ್ಟು ಸರಿಯಾಗಿ ಕೇಳ್ಸಲ್ಲ. ಹಾಗಾಗಿ ನಾನು ಕೇಳೋರ ಕಡೆಯಿಂದ ಹೇಳ್ತೀನಿ, 25 ಜನರಲ್ಲಿ ನನ್ನಂಥೋರು ಒಬ್ಬರಾದ್ರೂ ಇರ್ಬಹುದು, ಬಾಯ್ಬಿಟ್ಟು ಹೇಳಿರಲ್ಲ ಅಷ್ಟೇ. ಮುಖದ ಮೇಲೆ ಬೆಳಕಿದ್ರೆ ನಾವು ತುಟಿ ನೋಡಿ ಅರ್ಧ ಅರ್ಥ ಮಾಡ್ಕೋತೀವಿ, ಹಾಗಾಗಿ ಮಾತಾಡ್ವಾಗ ಬಾಯಿಗೆ ಕೈ ಅಡ್ಡ ತರ್ಬೇಡಿ, ಕೆಳಗೆ ನೋಡ್ಕೊಂಡು ಕಾಗದ ಓದ್ಬೇಡಿ. ಜೂಮ್, ಗೂಗಲ್ ಮೀಟ್, ಟೀಮ್ಸ್ ಮೂರರಲ್ಲೂ ಮಾತು ಅಕ್ಷರವಾಗಿ ಕೆಳಗೆ ಬರೋ ಕ್ಯಾಪ್ಶನ್ ಸೌಲಭ್ಯ ಇದೆ. ನಡೆಸೋರಿಗೆ ಒಂದು ಮೆಸೇಜ್ ಹಾಕಿ, ಕ್ಯಾಪ್ಶನ್ ಆನ್ ಮಾಡಿರ್ತೀರಾ ಅಂತ ಕೇಳಿ, ನಿಮಗಲ್ಲದಿದ್ರೂ ಬೇರೆಯವರಿಗೆ ದೊಡ್ಡ ಉಪಕಾರ ಆಗುತ್ತೆ.

ಇನ್ನೊಂದು, ಒಬ್ಬರು ಮುಗಿಸೋ ಮುಂಚೆ ಇನ್ನೊಬ್ಬರು ಶುರು ಮಾಡೋದು ಬೇಕಂತ ಮಾಡೋದಲ್ಲ. ದನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ರೆ ಮಾತುಕತೆಗೆ ಅಷ್ಟಾಗಿ ತೊಂದ್ರೆ ಇಲ್ಲ, ವೈಫೈ ಸೊರಗಿದ್ರೆ ಅದು ಮೀರುತ್ತೆ. ಆಗ ಇಬ್ಬರೂ "ನೀವು ಹೇಳಿ, ಇಲ್ಲ ನೀವು ಹೇಳಿ" ಅಂತ ಸಿಕ್ಕಾಕೊಳ್ತಾರೆ. ಪ್ರಶ್ನೆ ಬಂದಾಗ ಅವರು ನಿಲ್ಲಿಸಿದ ಮೇಲೆ ಮನಸ್ಸಲ್ಲೇ ಒಂದು, ಎರಡು ಎಣಿಸಿ ಆಮೇಲೆ ಉತ್ತರ ಶುರು ಮಾಡಿ. ನಿಮಗೆ ಅದು ಬಹಳ ಹೊತ್ತು ಅನ್ಸುತ್ತೆ, ಕೇಳೋರಿಗೆ ಹಾಗನ್ಸಲ್ಲ.

* * *

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಬ್ಯಾಗಲ್ಲಿದ್ದ ಇಯರ್‌ಫೋನ್ ಕಥೆ ಓದಿ ತಕ್ಷಣ ನೋಡ್ದೆ, ನನ್ನ ಲ್ಯಾಪ್‌ಟಾಪಲ್ಲೂ ಮಗನ ಹೆಡ್‌ಸೆಟ್ಟೇ ಮೈಕ್ ಅಂತ ಆಯ್ಕೆ ಆಗಿತ್ತು! ತಂಗಿ ಜೊತೆ ನಾಳೆ ರಿಹರ್ಸಲ್ ಇಟ್ಕೊಂಡಿದೀನಿ. ಈಗ ಒಂದೇ ಭಯ, ನಾನು ಮಾತಾಡ್ತಿರುವಾಗ್ಲೇ ನೆಟ್ ಹೋದ್ರೆ?

* * *

ಮೇಡಂ, ಮೊದ್ಲು ಉತ್ತರ ಬರೆದಿದ್ದೋನು ನಾನೇ. ನೆಟ್ ಹೋಗುತ್ತೆ ಅಂತಲೇ ಇಟ್ಕೊಂಡು ತಯಾರಾಗಿ, ಆಗ ಭಯ ಇರಲ್ಲ. ವಯರ್ ಎಳೆದು ಲ್ಯಾಪ್‌ಟಾಪನ್ನ ನೇರ ರೂಟರ್‌ಗೆ ಹಾಕೋಕಾದ್ರೆ ಅದಕ್ಕಿಂತ ಒಳ್ಳೇದಿಲ್ಲ. ಆಗ್ಲಿಲ್ಲ ಅಂದ್ರೆ ರೂಟರ್ ಇರೋ ರೂಮಲ್ಲೇ ಕೂತು ವೈಫೈ ಪಟ್ಟಿಯಲ್ಲಿ 5 ಗಿಗಾಹರ್ಟ್ಸ್ ಹೆಸರಿನದ್ದು ಇದ್ರೆ ಅದಕ್ಕೆ ಹಾಕಿ, 2.4 ದೂರಕ್ಕೆ ಹೋಗುತ್ತೆ ಸರಿ, ಆದ್ರೆ ಮೈಕ್ರೋವೇವ್ ಓವನ್ ಆನ್ ಮಾಡಿದ್ರೂ ಅದಕ್ಕೆ ಅಡ್ಡಿ ಆಗುತ್ತೆ. ಆ ಅರ್ಧ ಗಂಟೆ ಮನೇಲಿ ಯಾರೂ ದೊಡ್ಡ ಡೌನ್‌ಲೋಡ್ ಹಾಕ್ಬೇಡಿ ಅಂತ ಹೇಳಿಡಿ.

ಚಿತ್ರ ನಿಂತು ನಿಂತು ಬರೋಕೆ ಶುರುವಾದ್ರೆ ಹೆದರ್ಬೇಡಿ, "ಕ್ಯಾಮೆರಾ ಆಫ್ ಮಾಡ್ತಿದೀನಿ, ಮಾತು ಮುಂದುವರಿಸ್ತೀನಿ" ಅಂತ ಹೇಳಿ ವಿಡಿಯೋ ನಿಲ್ಲಿಸಿ. ಬರೀ ದನಿಗೆ ಸೆಕೆಂಡಿಗೆ ನೂರು ಕಿಲೋಬಿಟ್ ಕೂಡ ಬೇಕಾಗಲ್ಲ, ಅದೇ ವಿಡಿಯೋ ಚೆನ್ನಾಗಿ ಹೋಗ್ಬೇಕಾದ್ರೆ ಅದರ ಹತ್ತರಷ್ಟು ಬೇಕು, ಹಾಗಾಗಿ ಸೊರಗಿದ ನೆಟ್ಟಲ್ಲೂ ದನಿ ದಾಟುತ್ತೆ. ಪೂರ್ತಿ ಹೋಯ್ತು ಅಂತಾದ್ರೆ ಫೋನಿನ ಹಾಟ್‌ಸ್ಪಾಟ್. ಅದನ್ನ ಹೇಗೆ ಆನ್ ಮಾಡೋದು, ಪಾಸ್‌ವರ್ಡ್ ಏನು ಅಂತ ನಾಳೆ ರಿಹರ್ಸಲಲ್ಲೇ ಒಂದ್ಸಲ ವೈಫೈ ಆಫ್ ಮಾಡಿ ಅಭ್ಯಾಸ ಮಾಡಿ. ನಡೆಸೋರ ಫೋನ್ ನಂಬರ್ ಕಾಗದದ ಮೇಲೆ ಬರೆದಿಟ್ಕೊಳಿ, ಮೀಟಿಂಗ್ ಲಿಂಕನ್ನ ಫೋನಿಗೂ ಕಳಿಸ್ಕೊಂಡಿರಿ. ಒಬ್ಬರ ನೆಟ್ ಹೋದ್ರೆ ನಾವು ನಡೆಸೋರು ಮುಂದಿನವರನ್ನ ಕರೆದು, ಅವರು ವಾಪಸ್ ಬಂದ ಮೇಲೆ ಮತ್ತೆ ಅವಕಾಶ ಕೊಡ್ತೀವಿ, ಇದು ಎಲ್ರಿಗೂ ಆಗಿರೋದೇ, ಯಾರೂ ತಪ್ಪು ತಿಳ್ಕೊಳಲ್ಲ.

ಲ್ಯಾಪ್‌ಟಾಪಲ್ಲಿ ಜೂಮ್ ಅಪ್‌ಡೇಟ್ ಇದ್ರೆ ಹಿಂದಿನ ದಿನವೇ ಮಾಡ್ಕೊಳಿ. ಹದಿನೈದು ನಿಮಿಷ ಮುಂಚೆ ಚಾರ್ಜರ್ ಹಾಕಿ, ಬೇರೆ ಆ್ಯಪ್ ಎಲ್ಲ ಮುಚ್ಚಿ, ಕ್ಯಾಮೆರಾ ಬೇರೆ ಆ್ಯಪ್ ಹಿಡ್ಕೊಂಡಿದ್ರೆ ಕೆಲವು ಸಲ ಇಲ್ಲಿ ಕಪ್ಪು ಪರದೆ ಬರುತ್ತೆ.

* * *

ಎದೆ ಡವಡವ ಅಂದ್ರಲ್ಲ, ಅದಕ್ಕೆ ನನ್ನದೊಂದು. ನನಗೆ ಸುಸ್ತು ಮಾಡ್ತಿದ್ದಿದ್ದು ನನ್ನದೇ ಮುಖ. ಮಾತಾಡ್ತಾ ಮಾತಾಡ್ತಾ ಕಣ್ಣು ಅಲ್ಲಿಗೇ ಹೋಗೋದು, ಕೂದಲು ಸರಿ ಇದ್ಯಾ, ಮುಖ ಯಾಕೆ ಹೀಗಿದೆ ಅಂತ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್‌ಸನ್ ಅನ್ನೋರು 2021ರಲ್ಲಿ ವಿಡಿಯೋ ಮೀಟಿಂಗ್ ಯಾಕೆ ದಣಿಸುತ್ತೆ ಅಂತ ಬರೆದಾಗ ಕೊಟ್ಟ ನಾಲ್ಕು ಕಾರಣದಲ್ಲಿ ಹೀಗೆ ಹೊತ್ತು ಹೊತ್ತಿಗೂ ತನ್ನನ್ನೇ ನೋಡ್ಕೊಳೋದೂ ಒಂದು. ಅದನ್ನ ಓದಿದ ಮೇಲೆ ನನ್ನ ಚೌಕದ ಮೂಲೆಯಲ್ಲಿರೋ ಮೂರು ಚುಕ್ಕಿ ಒತ್ತಿ ಹೈಡ್ ಸೆಲ್ಫ್ ವ್ಯೂ ಕೊಡೋಕೆ ಶುರು ಮಾಡ್ದೆ. ಬೇರೆಯವರಿಗೆ ನೀವು ಕಾಣ್ತಾನೇ ಇರ್ತೀರ, ನಿಮಗೆ ಮಾತ್ರ ಕಾಣಲ್ಲ. ಮೊದ್ಲು ಕೂತಿರೋದು ಸರಿ ಇದ್ಯಾ ಅಂತ ನೋಡ್ಕೊಂಡು ಆಮೇಲೆ ಮರೆಮಾಡಿ.

ಐದು ನಿಮಿಷದ ಮಾತು ಪೂರ್ತಿ ಬರೆದು ಓದೋದಕ್ಕಿಂತ ಐದಾರು ಪದ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಮೇಲೆ ಬರೆದು ಕ್ಯಾಮೆರಾ ಪಕ್ಕಕ್ಕೇ ಅಂಟಿಸಿ, ಕಣ್ಣು ಅಲ್ಲಿಗೆ ಹೋದ್ರೂ ಎದುರಿನವರನ್ನೇ ನೋಡ್ತಿರೋ ಹಾಗೆ ಕಾಣುತ್ತೆ. ಮೊದಲನೇ ವಾಕ್ಯ ಮಾತ್ರ ಬಾಯಿಪಾಠ ಮಾಡಿಟ್ಕೊಳಿ, ಅದು ಸಲೀಸಾಗಿ ಬಂದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ. ಪಕ್ಕದಲ್ಲಿ ಒಂದು ಲೋಟ ನೀರಿರ್ಲಿ, ಕೀಬೋರ್ಡಿಂದ ದೂರ. ನಾಳೆ ರಿಹರ್ಸಲ್ ಹೇಗಾಯ್ತು ಅಂತ ಬಂದು ಹೇಳಿ ಅಕ್ಕ, ಕಾಯ್ತಿರ್ತೀವಿ.