ರಾಡಿಕಲ್ ಆಕ್ಸೆಪ್ಟೆನ್ಸ್ ಅಂದ್ರೆ ಅಡ್ವಾನ್ಸ್ ದುಡ್ಡನ್ನೂ ಬಿಟ್ಟುಬಿಡೋದಾ?

ಬಾಡಿಗೆದಾರ_ಬಿಟಿಎಂ:
ಮನೆ ಖಾಲಿ ಮಾಡಿದ ಮೇಲೆ ಓನರ್ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ಬೆಂಗಳೂರಲ್ಲಿ ಮಾಮೂಲಿ. ಉಳಿದ ಅಡ್ವಾನ್ಸನ್ನೂ ಕೊಡದೆ ಸತಾಯಿಸಿದ್ರೆ? "ರಾಡಿಕಲ್ ಆಕ್ಸೆಪ್ಟೆನ್ಸ್ ಮಾಡಿ, ಅಂದ್ರೆ ಇರೋದನ್ನ ಪೂರ್ತಿ ಒಪ್ಪಿಕೊಳ್ಳಿ, ನಿಮ್ಮ ಯೋಚನೆಯೇ ಇದನ್ನ ಎಳೆದು ತಂದಿದ್ದು" ಅಂತಾರೆ ಯೂಟ್ಯೂಬ್ ಗುರುಗಳು. ಒಪ್ಪಿಕೊಂಡ್ರೆ ದುಡ್ಡು ಕೇಳೋ ಹಾಗಿಲ್ವಾ?

ಮನೋಬಲ:
ಅವರು ಎರಡು ಬೇರೆ ವಿಷಯ ಕಲಸಿದ್ದಾರೆ ಸರ್: ಒಪ್ಪಿಕೊಳ್ಳೋದು ಒಂದು, ಯೋಚನೆ ಎಳೆದು ತರುತ್ತೆ ಅನ್ನೋದು ಇನ್ನೊಂದು. ರಾಡಿಕಲ್ ಆಕ್ಸೆಪ್ಟೆನ್ಸ್ ಅನ್ನೋದು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಮಾನಸಿಕ ಚಿಕಿತ್ಸೆಯ ಕೌಶಲ. 1993ರ ಕೈಪಿಡಿಯಲ್ಲೇ ಇದೆ. ಒಪ್ಪಬೇಕಾದ್ದು ನಡೆದ ಸಂಗತಿಯನ್ನ ಮಾತ್ರ. "ಇವತ್ತಿನವರೆಗೆ ದುಡ್ಡು ಬಂದಿಲ್ಲ" ಅನ್ನೋದು ಸಂಗತಿ. "ಇನ್ನು ಬರೋದೇ ಇಲ್ಲ" ಅನ್ನೋದು ಊಹೆ, "ನನ್ನ ಹಣೆಬರಹವೇ ಇಷ್ಟು" ಅನ್ನೋದು ತೀರ್ಪು. ಜನ ಈ ಊಹೆ, ತೀರ್ಪುಗಳನ್ನ ಒಪ್ಪೋಕೆ ಹೋಗಿ ಇನ್ನಷ್ಟು ಕುಗ್ತಾರೆ.

ಸಂಗತಿಯನ್ನ ಒಂದೇ ವಾಕ್ಯದಲ್ಲಿ ಬರೀರಿ. "ಹೀಗಾಗಬಾರದಿತ್ತು" ಅಂತ ನುಸುಳಿದ್ರೆ ಹೊಡೆದು ಹಾಕಿ. ಹೀಗಾಗೋಕೆ ಏನೇನು ಕಾರಣ ಕೂಡಿಬಂತು ನೋಡಿ: ಅಗ್ರಿಮೆಂಟಲ್ಲಿ ವಾಪಸಾತಿಗೆ ಗಡುವಿಲ್ಲ, ಅರ್ಧ ದುಡ್ಡು ರಸೀದಿಯಿಲ್ಲದ ಕ್ಯಾಶು, ಹೀಗೆ. ಆಮೇಲೆ ಮೈಯಿಂದ ಶುರು ಮಾಡಿ. ಕೂತು ಅಂಗೈ ಮೇಲೆ ಮಾಡಿ ತೊಡೆ ಮೇಲಿಡಿ, ಹಲ್ಲು ಕಚ್ಚಿದ್ರೆ ಸಡಿಲಿಸಿ, ತುಟಿಯಂಚು ಕೂದಲೆಳೆಯಷ್ಟೇ ಮೇಲಕ್ಕೆ. ಮುಷ್ಟಿ ಬಿಗಿದುಕೊಂಡು "ಒಪ್ಪಿದೀನಿ" ಅಂದ್ರೆ ಬರೀ ಬಾಯಿಮಾತು. ಐದು ನಿಮಿಷಕ್ಕೆ ಸಿಟ್ಟು ಮತ್ತೆ ಬರುತ್ತೆ, ಆಗ ಮನಸ್ಸನ್ನ ಮತ್ತೆ ಒಪ್ಪಿಗೆಯ ಕಡೆಗೆ ತಿರುಗಿಸಬೇಕು. ಅಭ್ಯಾಸ ಅಂದ್ರೆ ಈ ತಿರುಗಿಸೋದೇ. ನಡುವೆ ಅಳು ಬಂದ್ರೆ ತಡೀಬೇಡಿ.

ಗಾಂಧಿಬಜಾರ್_ಸಂಜೆ:
ದುಡ್ಡು ಖಂಡಿತ ಕೇಳಿ! ಬ್ಯಾಂಕ್ ಸ್ಟೇಟ್‌ಮೆಂಟ್, ಕೀ ಕೊಟ್ಟ ದಿನದ ವಾಟ್ಸಾಪ್ ಮೆಸೇಜ್ ಎತ್ತಿಟ್ಟುಕೊಳ್ಳಿ. ಲಿಖಿತವಾಗಿ ಗಡುವು ಕೊಡಿ, ಬಗ್ಗದಿದ್ರೆ ವಕೀಲರ ನೋಟಿಸ್. ಆದ್ರೆ ಹೊಡೆತ, ಬೆದರಿಕೆ ಇರೋ ಕಡೆ ಅಂಗೈ ಚಾಚಿ ಕೂರಬೇಡಿ, ಮೊದಲು ಅಲ್ಲಿಂದ ಆಚೆ ಬನ್ನಿ.

ಮನೋಬಲ:
ಹೌದು ಮೇಡಂ. ಇನ್ನು ಆ "ಎಳೆದು ತಂದಿದ್ದು" ಉಪದೇಶ: ಫಲಿಸಿದ್ರೆ ಗುರುಗಳ ಮಹಿಮೆ, ಫಲಿಸದಿದ್ರೆ ನಿಮ್ಮ ಯೋಚನೆಯ ದೋಷ. ಸುಳ್ಳು ಅಂತ ತೋರಿಸೋಕೆ ದಾರಿಯೇ ಇಲ್ಲದ್ದನ್ನ ನಂಬಿ ದುಡ್ಡು ಕಟ್ಟಬೇಡಿ. ಯಾವುದೇ ಸಲಹೆಯಾದ್ರೂ ಒಂದು ಸಲಕ್ಕೆ ಒಂದೇ ಹಿಡೀರಿ, ಎರಡು ವಾರ ಮಾಡಿ, ಫಲ ಸಿಕ್ತಾ ಅಂತ ತಿಳಿಯೋಕೆ ದಿನಾ ಎಷ್ಟು ಗಂಟೆ ನಿದ್ದೆ ಬಂತು ಅಂತ ಕ್ಯಾಲೆಂಡರಲ್ಲೇ ಗೀಚಿಡಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಿ ಅಂದ ವಿಡಿಯೋನ ಅಲ್ಲೇ ಮುಚ್ಚಿ. ನಿದ್ದೆ ಸುಧಾರಿಸದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸ್‌ನವರ ವೆಲ್‌ಬೀಯಿಂಗ್ ಸೆಂಟರ್ ನಿಮ್ಮ ಬಿಟಿಎಂನಲ್ಲೇ ಇದೆಯಲ್ಲ.