ಅಪ್‌ಡೇಟ್: ಜಾವಾ ಕ್ಲಾಸ್‌ಗಳನ್ನ ಕ್ಲೋಜರ್‌ಗೆ ತಂದ ಮೇಲೆ

ನಮ್ಮ ಜಾವಾ ಕೋಡನ್ನ ಕ್ಲೋಜರ್ (Clojure) ಭಾಷೆಗೆ ತರುವಾಗ ಆರ್ಡರ್, ಐಟಂ, ಗ್ರಾಹಕ ಕ್ಲಾಸ್‌ಗಳಿಗೆಲ್ಲ ಒಂದೊಂದು ಡೆಫ್‌ರೆಕಾರ್ಡ್ (ಹೆಸರಿಟ್ಟ ಡೇಟಾ ಟೈಪ್) ಬರೀಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೇಡ, ಸಾದಾ ಮ್ಯಾಪ್ (ಹೆಸರು-ಮೌಲ್ಯದ ಜೋಡಿಗಳು) ಸಾಕು ಅಂದಿದ್ರಿ. ಹಾಗೇ ಮಾಡಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಗೆಟರ್, ಸೆಟರ್ ಎಲ್ಲ ಹೋದವು. ಮ್ಯಾಪ್‌ನಿಂದ ಬೆಲೆ ಓದೋಕೆ ಕೀವರ್ಡೇ (ಮ್ಯಾಪ್‌ನಲ್ಲಿ ಬೆಲೆಗೆ ಇಟ್ಟ ಹೆಸರೇ) ಫಂಕ್ಷನ್. ಒಟ್ಟು ಮೊತ್ತದ ಫಾರ್ ಲೂಪ್ ಈಗ ಒಂದು ಸಾಲಿನ ರೆಡ್ಯೂಸ್ (ಪಟ್ಟಿಯನ್ನ ಒಂದೇ ಮೌಲ್ಯಕ್ಕೆ ಇಳಿಸೋ ಫಂಕ್ಷನ್). ರಿಯಾಯಿತಿಗೆ ಇದ್ದ ಅಬ್‌ಸ್ಟ್ರಾಕ್ಟ್ ಕ್ಲಾಸ್, ಅದರ ಮೂರು ಸಬ್‌ಕ್ಲಾಸ್‌ಗಳ ಜಾಗದಲ್ಲಿ ಒಂದೇ ಮಲ್ಟಿಮೆಥಡ್ ಇದೆ. ಅದು ಗ್ರಾಹಕನ ಬಗೆ, ಐಟಂನ ಬಗೆ ಎರಡನ್ನೂ ಒಟ್ಟಿಗೆ ನೋಡಿ ಯಾವ ಕೋಡ್ ಓಡಬೇಕು ಅಂತ ಆರಿಸುತ್ತೆ. ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಎಡವಿದ್ದು ಒಂದು ಕಡೆ, ಆದರೆ ಜೋರಾಗಿ. ಸ್ಟಾಕ್ ಇದ್ದ ಆಟಮ್‌ಗೆ (ಹಲವು ಥ್ರೆಡ್‌ಗಳು ಹಂಚಿಕೊಂಡು ಬದಲಿಸೋ ಮೌಲ್ಯದ ಡಬ್ಬಿ) ಸ್ವಾಪ್ ಮಾಡುವಾಗ, ಅಂದ್ರೆ ಹೊಸ ಮೌಲ್ಯ ಹಾಕುವಾಗ, ಕೊಟ್ಟ ಫಂಕ್ಷನ್ ಒಳಗೇ ಇಮೇಲ್ ಕಳಿಸ್ತಿದ್ದೆ. ನಡುವೆ ಇನ್ನೊಂದು ಥ್ರೆಡ್ ಆಟಮ್ ಬದಲಿಸಿದ್ರೆ ಸ್ವಾಪ್ ಅದೇ ಫಂಕ್ಷನ್‌ನ ಮತ್ತೆ ಓಡಿಸುತ್ತೆ. ಒಂದೇ ಆರ್ಡರ್‌ಗೆ ಎರಡೆರಡು ಇಮೇಲ್ ಹೋದವು! ಮ್ಯಾಪ್ ಬದಲಾಗಲ್ಲ ಅನ್ನೋದು ಗೊತ್ತಿತ್ತು, ಫಂಕ್ಷನ್ನೂ ಶುದ್ಧವಾಗಿರಬೇಕು (ಲೆಕ್ಕ ಬಿಟ್ಟು ಹೊರಗೆ ಏನನ್ನೂ ಮಾಡಬಾರದು) ಅನ್ನೋದು ಆವತ್ತು ಮನಸ್ಸಿಗೆ ಇಳೀತು. ಈಗ ಒಳಗೆ ಲೆಕ್ಕ ಮಾತ್ರ, ಇಮೇಲ್ ಸ್ವಾಪ್ ಮುಗಿದ ಮೇಲೆ.

ಪೇಮೆಂಟ್ ಲೈಬ್ರರಿ ಜಾವಾ ಇಂಟರ್ಫೇಸ್ ಕೇಳುತ್ತೆ, ಅಲ್ಲಿ ಮಾತ್ರ ರೀಇಫೈ (ಇಂಟರ್ಫೇಸ್‌ಗೆ ಹೊಂದೋ ಆಬ್ಜೆಕ್ಟನ್ನ ಅಲ್ಲೇ ಮಾಡಿಕೊಡೋದು) ಬಳಸಿದೀನಿ. ಮುಂದಿನ ವಾರ ಇನ್‌ವಾಯ್ಸ್ ಭಾಗಕ್ಕೆ ಕೈ ಹಾಕ್ತೀನಿ.