ಎಂಟೇ ನಾಗರಿಕತೆಗಳಿಗೆ ಜಾಗವಿದ್ದರೆ ಯಾವುವನ್ನು ಆರಿಸಬೇಕು? ಅವುಗಳಲ್ಲಿ ಬನವಾಸಿಗೆ ಎಡೆಯುಂಟೇ?

ವರದಾತೀರ (ಶಿರಸಿ)

ನಮಸ್ಕಾರ. 1997ರ ‘ಏಜ್ ಆಫ್ ಎಂಪೈರ್ಸ್’ ಆಡುತ್ತ ಬೆಳೆದ ನಾವು ಕೆಲವು ಗೆಳೆಯರು ಅದೇ ಜಾಡಿನ ಸ್ಟ್ರಾಟಜಿ ಗೇಮ್ ಒಂದನ್ನು ಬಿಡುವಿನ ವೇಳೆಯಲ್ಲಿ ಹೊಸದಾಗಿ ಕಟ್ಟುತ್ತಿದ್ದೇವೆ. ಮೂಲ ಆಟದಲ್ಲಿ 12 ನಾಗರಿಕತೆಗಳಿದ್ದವು, ಮರುವರ್ಷದ ರೋಮ್ ವಿಸ್ತರಣೆಯಿಂದ ಅವು 16 ಆದವು. ಕಟ್ಟಡ, ಸೈನಿಕ, ಹಡಗು ಎಲ್ಲವನ್ನೂ ನಾವೇ ಚಿತ್ರಿಸಬೇಕಾದ್ದರಿಂದ ನಮ್ಮ ಶಕ್ತಿಗೆ ಎಂಟೇ ಹೆಚ್ಚು. ಸುಮೇರ್, ಈಜಿಪ್ಟ್, ಪರ್ಷಿಯಾ, ಗ್ರೀಸ್, ಚೀನಾದ ಷಾಂಗ್, ಹರಪ್ಪಾ ಎಂಬ ಆರರ ಬಗ್ಗೆ ನಮ್ಮಲ್ಲಿ ಒಮ್ಮತವಿದೆ. ಉಳಿದ ಎರಡರಲ್ಲಿ ಒಂದು ಬನವಾಸಿಯ ಕದಂಬರದಾಗಬೇಕೆಂಬುದು ನನ್ನ ಹಟ. ಮಯೂರವರ್ಮನ ಕಾಲ ಕ್ರಿ.ಶ. ನಾಲ್ಕನೆಯ ಶತಮಾನದ ನಡುಭಾಗವಾದ್ದರಿಂದ ಅದು ‘ಪ್ರಾಚೀನ’ವೇ ಅಲ್ಲ, ಊರ ಮೇಲಿನ ಅಭಿಮಾನಕ್ಕೆ ಆಟವನ್ನು ಬಲಿಕೊಡಬೇಡ ಎಂದು ಗೆಳೆಯರು ಹೇಳುತ್ತಾರೆ. ಬಲ್ಲವರು ತಿಳಿಸಬೇಕು.

ಕಾಳಿಸಂಗಮ (ಕಾರವಾರ)

ಇಸವಿಯ ಕಾರಣವೊಂದರಿಂದಲೇ ಕದಂಬರನ್ನು ಹೊರಗಿಡಲಾಗದು. ಮೂಲ ಆಟದಲ್ಲಿದ್ದ ಜಪಾನಿನ ಯಮಾಟೊ ಅರಸರ ದೊಡ್ಡ ಗೋರಿದಿಬ್ಬಗಳು ಕ್ರಿ.ಶ. ಮೂರನೆಯ ಶತಮಾನದ ನಡುಭಾಗದಿಂದ ಈಚಿನವು. ಇತ್ತ ಷಾಂಗ್ ಮನೆತನ ಮುಗಿದದ್ದು ಕ್ರಿ.ಪೂ. 1046ರ ಸುಮಾರಿಗೆ, ಅಂದರೆ ಚೀನಾದಲ್ಲಿ ಕಬ್ಬಿಣದ ಬಳಕೆ ಹರಡುವ ಮೊದಲೇ. ಆದರೂ ಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ನಾಲ್ಕು ಮೆಟ್ಟಿಲುಗಳನ್ನು ಆಟ ಎಲ್ಲರಿಗೂ ಒಂದೇ ಬಗೆಯಲ್ಲಿ ಹತ್ತಿಸಿತು, ಯಾರೂ ತಕರಾರು ಮಾಡಲಿಲ್ಲ.

ಆದರೂ ನಾನು ಕದಂಬರಿಗೆ ಮತ ಹಾಕುವುದಿಲ್ಲ, ಏಕೆಂದರೆ ಒಂದು ರಾಜಮನೆತನವನ್ನು ನಾಗರಿಕತೆಯ ಪೀಠದಲ್ಲಿ ಕೂರಿಸಿದರೆ ಅದರ ಹಿಂದಿನ ಸಾವಿರ ವರ್ಷಗಳು ಅನಾಥವಾಗುತ್ತವೆ. ಕದಂಬರಿಗಿಂತ ಮೊದಲು ಬನವಾಸಿಯಲ್ಲಿ ಚುಟು ಮನೆತನದ ಅರಸರಿದ್ದರು; ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಪ್ರಾಕೃತ ಶಾಸನ ಅವರ ಕಾಲದ್ದು. ಅದಕ್ಕೂ ಮೊದಲು ಶಾತವಾಹನರ ಆಳ್ವಿಕೆ, ಅದರ ಹಿಂದೆ ಅಶೋಕನ ಕಾಲ. ಇನ್ನೂ ಹಿಂದಕ್ಕೆ ಹೋದರೆ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗದ ನೆಲೆಯ ಮೇಲೆಯೇ ಕಬ್ಬಿಣದ ವಸ್ತುಗಳು ದೊರೆತಿವೆ. ದಕ್ಷಿಣದಲ್ಲಿ ಸಿಂಧೂ ಕಣಿವೆಯಲ್ಲಿದ್ದಂಥ ಸ್ಪಷ್ಟವಾದ ಕಂಚಿನ ಯುಗವೊಂದನ್ನು ಗುರುತಿಸುವುದು ಕಷ್ಟ. ಆದ್ದರಿಂದ ‘ಶಾತವಾಹನ’ ಎಂದೋ ‘ದಕ್ಷಿಣಾಪಥ’ ಎಂದೋ ಹೆಸರಿಟ್ಟು, ಕಂಚಿನ ಮೆಟ್ಟಿಲನ್ನು ಹಾರಿ ನೇರವಾಗಿ ಕಬ್ಬಿಣಕ್ಕೆ ಹೋಗುವ ಅವಕಾಶವನ್ನು ಆ ಒಂದು ಪಕ್ಷಕ್ಕೆ ಮಾತ್ರ ಕೊಡಿ. ನಡುವೆ ರಥಗಳೂ ಕಂಚಿನ ಕತ್ತಿಗಳೂ ಇಲ್ಲದೆ ಬಹುಕಾಲ ದುರ್ಬಲವಾಗಿ ಉಳಿಯುವುದೇ ಅದರ ಬೆಲೆಯಾಗಲಿ. ಬನವಾಸಿ ಅದರ ರಾಜಧಾನಿಗಳಲ್ಲಿ ಒಂದಾಗಿರಲಿ, ಮಯೂರವರ್ಮ ಕೊನೆಯ ಅಧ್ಯಾಯದ ನಾಯಕನಾಗಿ ಬರಲಿ.

ಅಘನಾಶಿನಿ (ಕುಮಟಾ)

ಕಾರವಾರದ ಸರ್ ಹೇಳಿದ್ದಕ್ಕೆ ಸಮುದ್ರವನ್ನೂ ಸೇರಿಸುತ್ತೇನೆ. ಮೂಲ ಆಟದಲ್ಲಿ ವ್ಯಾಪಾರದ ಹಡಗು ಇನ್ನೊಬ್ಬರ ಬಂದರಿಗೆ ಹೋಗಿ ಆಹಾರ, ಮರ ಅಥವಾ ಕಲ್ಲನ್ನು ಕೊಟ್ಟು ಚಿನ್ನ ತರುತ್ತಿತ್ತು. ಬಂದರು ದೂರವಾದಷ್ಟೂ ಲಾಭ ಹೆಚ್ಚು. ಆದರೆ ವರ್ಷವಿಡೀ ಒಂದೇ ವೇಗ, ಗಾಳಿಯ ಲೆಕ್ಕವೇ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಬಿಡದ ಕರಾವಳಿಯಲ್ಲಿ ಕುಳಿತು ಇದನ್ನು ಆಡುವವನಿಗೆ ನಗು ಬರುವುದು ಸಹಜ. ರೋಮನ್ನರ ಕಾಲದಲ್ಲಿ ಈಜಿಪ್ಟಿನಿಂದ ಹೊರಡುವ ಹಡಗುಗಳು ಜುಲೈ ಹೊತ್ತಿಗೆ ನೈಋತ್ಯ ಮಾರುತವನ್ನು ಹಿಡಿದು ಬಂದು, ಡಿಸೆಂಬರ್–ಜನವರಿಯ ಈಶಾನ್ಯ ಗಾಳಿಯಲ್ಲಿ ಮರಳುತ್ತಿದ್ದವು. ಅವು ಹೊತ್ತೊಯ್ದದ್ದರಲ್ಲಿ ಮುಖ್ಯವಾದುದು ಕರಿಮೆಣಸು. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಉತ್ಖನನದಲ್ಲಿ ಭಾರತದ ಮಡಕೆಯೊಂದರಲ್ಲಿ ಸುಮಾರು 7.5 ಕಿಲೋ ಕರಿಮೆಣಸು ದೊರೆತಿದೆ. ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹರಿದುಹೋಗುತ್ತಿದೆ ಎಂದು ಗೊಣಗಿದ ರೋಮಿನ ಲೇಖಕ ಪ್ಲಿನಿ, ಪಶ್ಚಿಮ ಕರಾವಳಿಯ ಕಡಲ್ಗಳ್ಳರ ಮಾತನ್ನೂ ಎತ್ತುತ್ತಾನೆ.

ಆದ್ದರಿಂದ ಈ ಪಕ್ಷಕ್ಕೆ ಆನೆಯ ಬಲ ಕೊಡುವುದಕ್ಕಿಂತ ಗಾಳಿಯ ಬಲ ಕೊಡುವುದು ಮೇಲು. ಆನೆಗಳಂತೂ ಮೂಲ ಆಟದಲ್ಲೇ ಇದ್ದವು, ಭಾರತವೊಂದು ಇರಲಿಲ್ಲ ಅಷ್ಟೇ! ಅರ್ಧ ಋತು ಹಡಗುಗಳು ಎರಡು ಪಟ್ಟು ವೇಗದಲ್ಲಿ ಹೋಗಲಿ, ಉಳಿದರ್ಧ ಅಳಿವೆಯ ಒಳಗೇ ಲಂಗರು ಹಾಕಿರಲಿ. ಆಗ ಆ ಬಂದರಿಗೆ ಯಾವಾಗ ದಾಳಿ ಇಡಬೇಕೆಂಬುದನ್ನು ಎದುರಾಳಿಯೂ ಯೋಚಿಸಬೇಕಾಗುತ್ತದೆ.

ದೇವಿಮನೆ_ಘಟ್ಟ

ನಾನು ಪ್ರೋಗ್ರಾಮಿಂಗ್ ಮಾಡುವವನು, ಇತಿಹಾಸ ಅಷ್ಟಾಗಿ ತಿಳಿಯದು. ಗಾಳಿಯ ಆಲೋಚನೆ ಸೊಗಸಾಗಿದೆ, ಆದರೆ ಅದನ್ನು ಇಡೀ ನಕ್ಷೆಗೆ ಅನ್ವಯಿಸಿದರೆ ಉಳಿದ ಏಳು ಪಕ್ಷಗಳ ಕಂಪ್ಯೂಟರ್ ಆಟಗಾರರಿಗೂ ಋತುವನ್ನು ಕಲಿಸಬೇಕಾಗುತ್ತದೆ. ಕಲಿಸದಿದ್ದರೆ ಅವು ಬಿರುಗಾಳಿಗೇ ಹಡಗು ನೂಕಿ ಸೋಲುತ್ತವೆ. ಒಂದೇ ಪಕ್ಷದ ವ್ಯಾಪಾರದ ಹಡಗುಗಳಿಗೆ ಸೀಮಿತಗೊಳಿಸಿದರೆ ಕೆಲಸ ಹಗುರ. ಸಮುದ್ರವೇ ಇಲ್ಲದ ನಕ್ಷೆಯಲ್ಲಿ ಅವರು ಏನು ಮಾಡಬೇಕೆಂಬುದನ್ನು ಈಗಲೇ ತೀರ್ಮಾನಿಸಿ, ಇಲ್ಲವಾದರೆ ಅಂಥ ನಕ್ಷೆಗಳಲ್ಲಿ ಅವರನ್ನು ಯಾರೂ ಆರಿಸುವುದಿಲ್ಲ. ಹರಪ್ಪಾದ ಬಗ್ಗೆಯೂ ಒಂದು ಸಂದೇಹ: ಲಿಪಿಯನ್ನು ಇನ್ನೂ ಓದಲಾಗಿಲ್ಲ, ಒಬ್ಬ ಅರಸನ ಹೆಸರೂ ಗೊತ್ತಿಲ್ಲ. ಹೀಗಿರುವಾಗ ಕಥೆಯ ಹಂತಗಳನ್ನು ಯಾರ ಮೇಲೆ ಕಟ್ಟುತ್ತೀರಿ?

ಕಾಳಿಸಂಗಮ (ಕಾರವಾರ)

ನೆಲದ ನಕ್ಷೆಗೆ ಘಟ್ಟದ ಕಾಡು ಸಾಕು: ಮರ ಕಡಿಯದೆ ಕಾಡಿನೊಳಗಿನಿಂದಲೇ ಮೆಣಸು ಸಂಗ್ರಹಿಸುವ ಗುಡಾರವೊಂದನ್ನು ಕೊಡಿ, ಕಾಡು ಉಳಿದಷ್ಟು ದಿನ ಆದಾಯ ಬರುತ್ತದೆ. ಹರಪ್ಪಾಕ್ಕೆ ಅರಸ ಬೇಕಾಗಿಲ್ಲ. ಮೆಸೊಪೊಟೇಮಿಯಾದ ಅಕ್ಕಾಡಿನ ದೊರೆ ಸಾರ್ಗನ್ ತನ್ನ ಬಂದರಿನಲ್ಲಿ ಮೆಲುಹ್ಹದ ಹಡಗುಗಳು ನಿಂತಿದ್ದುವೆಂದು ಹೇಳಿಕೊಂಡಿದ್ದಾನೆ, ಆ ಮೆಲುಹ್ಹ ಸಿಂಧೂ ಪ್ರದೇಶವೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಾಗಿ ವರ್ತಕನೊಬ್ಬನನ್ನು ನಾಯಕನನ್ನಾಗಿಸಿ, ಯುದ್ಧವಿಲ್ಲದೆ ತೂಕದ ಕಲ್ಲು ಮತ್ತು ಮುದ್ರೆಗಳಿಂದ ಗೆಲ್ಲುವ ಹಂತಗಳನ್ನು ಕಟ್ಟಬಹುದು.

ಎಂಟನೆಯ ಜಾಗವನ್ನು ಈಜಿಪ್ಟಿನ ದಕ್ಷಿಣಕ್ಕಿದ್ದ ಕುಶ್ ರಾಜ್ಯಕ್ಕೆ ಬಿಡಿ. ಮೂಲ ಆಟ ಮೆಸೊಪೊಟೇಮಿಯಾ ಒಂದಕ್ಕೇ ಸುಮೇರ್, ಬ್ಯಾಬಿಲೋನ್, ಅಸ್ಸೀರಿಯಾ ಎಂದು ಮೂರು ಜಾಗ ಕೊಟ್ಟಿತ್ತು, ನೈಲ್ ನದಿಯ ಮೇಲ್ಭಾಗಕ್ಕೆ ಒಂದೂ ಇರಲಿಲ್ಲ. ಬಿಲ್ಲುಗಾರಿಕೆಗೆ ಹೆಸರಾದ ಆ ನಾಡಿನ ಅರಸ ಪಿಯೆ ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಈಜಿಪ್ಟನ್ನೇ ಗೆದ್ದಿದ್ದ.

ವರದಾತೀರ (ಶಿರಸಿ)

ಎಲ್ಲರಿಗೂ ಧನ್ಯವಾದಗಳು. ಕದಂಬರ ಹಟವನ್ನು ಬಿಟ್ಟು ಶಾತವಾಹನ ಮತ್ತು ಕುಶ್ ಎರಡನ್ನು ಸೇರಿಸುತ್ತೇವೆ. ಮೆಣಸಿನ ಗುಡಾರದ ಚಿತ್ರವನ್ನು ಈ ವಾರವೇ ತೊಡಗುತ್ತೇವೆ, ಗಾಳಿಯ ಲೆಕ್ಕ ಆಮೇಲೆ.

ಅಘನಾಶಿನಿ (ಕುಮಟಾ)

ಪಟ್ಟಿಗೆ ಬೀಗ ಹಾಕುವ ಮೊದಲು ಗ್ರೀಸನ್ನು ತೆಗೆದು, ಇಂದಿನ ಟರ್ಕಿಯ ನೆಲವನ್ನಾಳಿದ ಹಿಟ್ಟೈಟರನ್ನು ತರುವುದನ್ನು ಯೋಚಿಸಿ. ಗ್ರೀಕರು ಇಂಥ ಹತ್ತಾರು ಆಟಗಳಲ್ಲಿದ್ದಾರೆ. ಕ್ರಿ.ಪೂ. 1274ರಲ್ಲಿ ಕಾದೇಶ್‌ನಲ್ಲಿ ಈಜಿಪ್ಟಿನ ಅರಸ ಎರಡನೆಯ ರಾಮೆಸಿಸ್‌ನನ್ನು ತಡೆದು ನಿಲ್ಲಿಸಿದವರು ಹಿಟ್ಟೈಟರು. ರಥಕ್ಕೆ ಮೂವರನ್ನು ಹತ್ತಿಸಿದ ಅವರ ಕ್ರಮ ಈಜಿಪ್ಟಿನ ಇಬ್ಬರ ರಥಕ್ಕೆ ನೇರ ಎದುರು ನಿಲ್ಲುತ್ತದೆ. ನಿಮ್ಮ ಪಟ್ಟಿಯಲ್ಲಿ ಈಜಿಪ್ಟ್ ಇರುವಾಗ ಅದಕ್ಕೆ ತಕ್ಕ ಎದುರಾಳಿ ಇರಲೇಬೇಕಲ್ಲವೇ?